ಕಾರು ಕೈಕೊಟ್ಟಾಗ ಮೊದಲು ಜನ ಇಳಿಯಲಿ

ಹೆದ್ದಾರಿಯಲ್ಲಿ ಕಾರು ಕೆಟ್ಟು ನಿಂತರೆ ನಮ್ಮಲ್ಲಿ ಹೆಚ್ಚಿನವರು ಮಾಡುವ ಮೊದಲ ಕೆಲಸ ಬಾನೆಟ್ ಎತ್ತುವುದು. ಗಾಡಿ ಓಡಿಸುತ್ತಿದ್ದವರು ಬಗ್ಗಿ ಎಂಜಿನ್ ನೋಡುತ್ತಾರೆ. ಮನೆಯ ಹಿರಿಯರು ಒಳಗೇ ಕೂತಿರುತ್ತಾರೆ, ಮಕ್ಕಳು ಹಿಂದಿನ ಸೀಟಿನಲ್ಲಿ ಆಡುತ್ತಿರುತ್ತಾರೆ, ಇನ್ನೊಬ್ಬರು ಡಿಕ್ಕಿಗೆ ಒರಗಿ ಫೋನಿನಲ್ಲಿ ಮೆಕ್ಯಾನಿಕ್ ಹುಡುಕುತ್ತಿರುತ್ತಾರೆ. ಇಷ್ಟೂ ಜನ ಆ ಹೊತ್ತಿನಲ್ಲಿ ಇರಬಾರದ ಜಾಗದಲ್ಲೇ ಇದ್ದಾರೆ. ಇಳಿದ ಟೈರು, ಕಾದ ಎಂಜಿನ್, ಸತ್ತ ಬ್ಯಾಟರಿ ಇವು ಸಾಮಾನ್ಯವಾಗಿ ಯಾರ ಜೀವಕ್ಕೂ ಎರವಾಗುವುದಿಲ್ಲ. ಎರವಾಗುವುದು, ನಿಂತ ಕಾರನ್ನು ನೋಡದೆ ಹಿಂದಿನಿಂದ ಬರುವ ಇನ್ನೊಂದು ಗಾಡಿ. ಹೀಗಾಗಿ ಗಾಡಿ ಎಲ್ಲಿ ಕೆಟ್ಟರೂ ಕ್ರಮ ಒಂದೇ: ಮೊದಲು ಜನ, ಆಮೇಲೆ ಹಿಂದೆ ಬರುವವರಿಗೆ ಸೂಚನೆ, ಕಾರಿನ ರಿಪೇರಿ ಕೊನೆಗೆ.

ಒಂದು ಲೆಕ್ಕ ನೋಡಿ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಯಲ್ಲಿ ಕಾರುಗಳಿಗೆ ಇರುವ ವೇಗಮಿತಿ ಗಂಟೆಗೆ 100 ಕಿಲೋಮೀಟರ್. ಆ ವೇಗದಲ್ಲಿ ಗಾಡಿ ಸೆಕೆಂಡಿಗೆ ಸುಮಾರು 28 ಮೀಟರ್ ಓಡುತ್ತದೆ. ಮುಂದಿರುವ ಗಾಡಿ ಓಡುತ್ತಿಲ್ಲ, ನಿಂತಿದೆ ಎಂಬುದು ಚಾಲಕರ ಮನಸ್ಸಿಗೆ ಹೊಳೆದು, ಕಾಲು ಬ್ರೇಕಿನ ಮೇಲೆ ಬೀಳುವಷ್ಟರಲ್ಲಿ ಎರಡು ಸೆಕೆಂಡ್ ಕಳೆದರೆ ಐವತ್ತು ಮೀಟರಿಗೂ ಹೆಚ್ಚು ದೂರ ಹೋಗಿರುತ್ತದೆ. ಬ್ರೇಕ್ ಹಿಡಿದ ಮೇಲೆ ಪೂರ್ತಿ ನಿಲ್ಲಲು ಒಣ ರಸ್ತೆಯಲ್ಲೂ ಇನ್ನೊಂದು ಐವತ್ತು ಮೀಟರ್ ಬೇಕು. ಮಳೆ ಬಿದ್ದ ರಸ್ತೆಯಾದರೆ, ಲೋಡ್ ತುಂಬಿದ ಲಾರಿಯಾದರೆ ಇನ್ನೂ ಎಷ್ಟೋ ಹೆಚ್ಚು. ನೂರು ಮೀಟರ್ ಹಿಂದೆಯೇ ನೀವು ಕಾಣದಿದ್ದರೆ, ಹಿಂದಿನವರು ಎಷ್ಟೇ ಒಳ್ಳೆಯ ಚಾಲಕರಾದರೂ ಅವರ ಕೈಯಲ್ಲಿ ಏನೂ ಉಳಿದಿರುವುದಿಲ್ಲ.

ಗಾಡಿಯಲ್ಲಿ ಏನೋ ಸರಿಯಿಲ್ಲ ಎಂದು ಗೊತ್ತಾದ ಕ್ಷಣದಿಂದ ಅದು ಪೂರ್ತಿ ನಿಲ್ಲುವವರೆಗೆ ಸಿಗುವ ಸ್ವಲ್ಪ ಹೊತ್ತು ಬಹಳ ಬೆಲೆಯುಳ್ಳದ್ದು. ಎಂಜಿನ್ ಆಫ್ ಆದರೂ ಓಡುತ್ತಿದ್ದ ವೇಗಕ್ಕೆ ಕಾರು ಸಾಕಷ್ಟು ದೂರ ಉರುಳುತ್ತದೆ. ಗಾಬರಿಯಲ್ಲಿ ಬ್ರೇಕ್ ಒತ್ತಿ ಆ ಓಟವನ್ನು ಹಾಳುಮಾಡಬೇಡಿ. ನಾಲ್ಕೂ ಇಂಡಿಕೇಟರ್ ಮಿನುಗುವ ಹಜಾರ್ಡ್ ಲೈಟ್ ಹಾಕಿ, ಕನ್ನಡಿ ನೋಡುತ್ತಾ ಎಡಕ್ಕೆ ಸರಿಯಿರಿ. ಎಂಜಿನ್ ನಿಂತಾಗ ಸ್ಟೀರಿಂಗ್ ಗಟ್ಟಿಯಾಗುತ್ತದೆ, ಬ್ರೇಕ್ ಪೆಡಲ್ ಕಲ್ಲಿನಂತಾಗುತ್ತದೆ. ಎರಡೂ ಕೆಲಸ ಮಾಡುತ್ತವೆ, ಹೆಚ್ಚು ಬಲ ಹಾಕಬೇಕು ಅಷ್ಟೆ. ಕೀ ಮಾತ್ರ ಪೂರ್ತಿ ತಿರುಗಿಸಿ ತೆಗೆಯಬೇಡಿ, ಸ್ಟೀರಿಂಗ್ ಲಾಕ್ ಆಗಬಹುದು. ತಿರುವು, ಏರು ಮುಗಿಯುವ ನೆತ್ತಿ, ಸೇತುವೆ, ಫ್ಲೈಓವರ್, ಇವುಗಳನ್ನು ದಾಟಿ ನಿಲ್ಲಲು ಸಾಧ್ಯವಿದ್ದರೆ ದಾಟಿಯೇ ನಿಲ್ಲಿ. ಟೈರ್ ಪಂಚರ್ ಆಗಿದ್ದರೂ ಅಷ್ಟೆ, ನಿಧಾನವಾಗಿ ಇನ್ನೂರು ಮುನ್ನೂರು ಮೀಟರ್ ಮುಂದೆ ಹೋಗಿ ಅಗಲ ಜಾಗ ಹಿಡಿಯುವುದೇ ಲೇಸು. ಟೈರ್ ಹರಿಯಬಹುದು, ರಿಮ್ಮೂ ಸೊಟ್ಟಗಾಗಬಹುದು. ಎರಡನ್ನೂ ದುಡ್ಡು ಕೊಟ್ಟು ತರಬಹುದು.

ನಿಂತ ಮೇಲೆ ಮುಂದಿನ ಚಕ್ರಗಳನ್ನು ಎಡಕ್ಕೆ ತಿರುಗಿಸಿ ಹ್ಯಾಂಡ್ ಬ್ರೇಕ್ ಹಾಕಿ. ಹಿಂದಿನಿಂದ ಯಾರಾದರೂ ಗುದ್ದಿದರೂ ಕಾರು ರಸ್ತೆಯ ನಡುವಿಗೆ ಹೋಗಬಾರದು. ಎಲ್ಲರೂ ಎಡಬದಿಯ ಬಾಗಿಲಿನಿಂದಲೇ ಇಳಿಯಲಿ, ಚಾಲಕರೂ ಸಾಧ್ಯವಾದರೆ ಪಕ್ಕದ ಸೀಟಿಗೆ ಸರಿದು ಅಲ್ಲಿಂದಲೇ ಇಳಿಯಲಿ. ರಸ್ತೆಯಂಚಿನ ಕಬ್ಬಿಣದ ತಡೆಪಟ್ಟಿ ದಾಟಿ ಆಚೆ ನಿಲ್ಲಬೇಕು. ಇಲ್ಲೊಂದು ಸೂಕ್ಷ್ಮ ಇದೆ. ಹೆಚ್ಚಿನವರು ಕಾರಿನ ಮುಂದುಗಡೆ ಹೋಗಿ ಗುಂಪಾಗಿ ನಿಲ್ಲುತ್ತಾರೆ, ಕಾರೇ ತಮಗೆ ಅಡ್ಡ ಇದೆ ಎಂಬ ಧೈರ್ಯದಲ್ಲಿ. ಗುದ್ದಿದ ಏಟಿಗೆ ಕಾರು ಮುಂದಕ್ಕೇ ಚಿಮ್ಮುವುದರಿಂದ ಎಲ್ಲಕ್ಕಿಂತ ಕೆಟ್ಟ ಜಾಗ ಅದೇ. ತಡೆಪಟ್ಟಿಯ ಆಚೆ, ಕಾರಿಗಿಂತ ಒಂದಷ್ಟು ಹಿಂದೆ, ಬರುವ ಗಾಡಿಗಳು ನಿಮಗೆ ಕಾಣುವಂತೆ ನಿಲ್ಲಿ. ನೀರಿನ ಬಾಟಲಿ, ಅಜ್ಜಿಯ ಬಿಪಿ ಮಾತ್ರೆ, ಮಗುವಿನ ಹಾಲು, ಫೋನ್, ಪವರ್ ಬ್ಯಾಂಕ್ ಇರುವ ಚೀಲವನ್ನು ಇಳಿಯುವಾಗಲೇ ಹಿಡಿದುಕೊಂಡರೆ ಮತ್ತೆ ಮತ್ತೆ ಕಾರಿನತ್ತ ಓಡುವುದು ತಪ್ಪುತ್ತದೆ. ಬಿಸಿಲಿದೆ, ಮಳೆ ಬರುತ್ತಿದೆ, ಕೂರಲು ಜಾಗವಿಲ್ಲ ಎಂದು ಹಿರಿಯರು ಕಾರಿನೊಳಗೇ ಇರುತ್ತೇನೆ ಎನ್ನುತ್ತಾರೆ. ಕೊಡೆ ಹಿಡಿದಾದರೂ ಅವರನ್ನು ಹೊರಗೆ ಕರೆತನ್ನಿ. ಈ ಒಂದು ಮಾತಿನಲ್ಲಿ ಮುಲಾಜು ಬೇಡ.

ರಸ್ತೆಯ ನಟ್ಟ ನಡುವೆಯೇ ಗಾಡಿ ನಿಂತುಹೋಗಿ, ಎರಡೂ ಕಡೆ ವಾಹನಗಳು ಬಿರುಸಾಗಿ ಓಡುತ್ತಿದ್ದರೆ? ಆಗ ಇಳಿದು ಓಡುವುದೇ ಹೆಚ್ಚು ಅಪಾಯ. ಸೀಟ್ ಬೆಲ್ಟ್ ಹಾಕಿಕೊಂಡೇ ಕೂತು, ಹಜಾರ್ಡ್ ಲೈಟ್ ಉರಿಸಿ, 112ಕ್ಕೆ ಕರೆ ಮಾಡಿ. ವಾಹನಗಳ ನಡುವೆ ನಿಜವಾದ ಬಿಡುವು ಸಿಕ್ಕಾಗ ಮಾತ್ರ ಎಲ್ಲರೂ ಒಟ್ಟಿಗೆ ಎಡಬದಿಗೆ ದಾಟಿ.

ಇನ್ನು ಸೂಚನೆಯ ವಿಷಯ. ಹೊಸ ಕಾರಿನ ಜೊತೆ ಮಡಚುವ ಕೆಂಪು ತ್ರಿಕೋನ ಕೊಟ್ಟಿರುತ್ತಾರೆ. ಎಷ್ಟೋ ಮನೆಗಳಲ್ಲಿ ಅದು ಪ್ಲಾಸ್ಟಿಕ್ ಕವರಿನಿಂದ ಹೊರಗೇ ಬಂದಿರುವುದಿಲ್ಲ. ಬಿಡುವಿನ ಒಂದು ಭಾನುವಾರ ಅದನ್ನು ತೆಗೆದು ಬಿಡಿಸಿ ನಿಲ್ಲಿಸಿ ನೋಡಿ, ಕತ್ತಲಲ್ಲಿ ಕಲಿಯುವ ಕೆಲಸ ಅದಲ್ಲ. ಊರಿನ ರಸ್ತೆಯಲ್ಲಿ ಕಾರಿನಿಂದ ಐವತ್ತು ಮೀಟರ್ ಹಿಂದೆ, ಹೆದ್ದಾರಿಯಲ್ಲಿ ನೂರು ಮೀಟರಿಗೂ ಹಿಂದೆ ಇಡಬೇಕು. ನೂರು ಮೀಟರ್ ಎಂದರೆ ಸುಮಾರು 140 ಹೆಜ್ಜೆ. ಕಾರಿನ ಬಂಪರಿಗೆ ತಾಗಿಸಿ ಇಟ್ಟರೆ ಇಟ್ಟೂ ಪ್ರಯೋಜನವಿಲ್ಲ. ತಿರುವಿನಲ್ಲಿ ನಿಂತಿದ್ದರೆ ತಿರುವು ಶುರುವಾಗುವ ಮೊದಲೇ ಇಡಿ. ಇಡಲು ಹೋಗುವಾಗ ತ್ರಿಕೋನವನ್ನು ಎದೆಯ ಮುಂದೆ ಬರುವ ಗಾಡಿಗಳ ಕಡೆಗೆ ಹಿಡಿದು, ತಡೆಪಟ್ಟಿಯ ಆಚೆಯಿಂದ ನಡೆದು ಹೋಗಿ. ವಾಹನಗಳು ತೀರಾ ಬಿರುಸಾಗಿದ್ದು, ಕಾಲಿಡಲೂ ಅಂಚಿಲ್ಲದ ಕಡೆ ತ್ರಿಕೋನದ ಆಸೆ ಬಿಟ್ಟು ದೂರ ನಿಂತುಬಿಡುವುದೇ ಸರಿ. ಹೊಳೆಯುವ ಪಟ್ಟಿಯ ಜಾಕೆಟ್ ಒಂದು ಕಾರಿನಲ್ಲಿರಲಿ. ಬೆಲೆ ಹೆಚ್ಚಿಲ್ಲ, ರಾತ್ರಿ ಹೊತ್ತು ಅದನ್ನು ತೊಟ್ಟವರು ಬಹಳ ದೂರದಿಂದ ಕಾಣುತ್ತಾರೆ.

ನಮ್ಮ ರಸ್ತೆಗಳಲ್ಲಿ ಇನ್ನೊಂದು ಪದ್ಧತಿ ಇದೆ. ಲಾರಿ ಕೆಟ್ಟರೆ ಹಿಂದೆ ದಪ್ಪ ಕಲ್ಲುಗಳನ್ನು ಸಾಲಾಗಿಟ್ಟು, ಪಕ್ಕದ ಮರದಿಂದ ಹಸಿರು ಕೊಂಬೆ ಮುರಿದು ಹಾಕುತ್ತಾರೆ. ಹಗಲಿನಲ್ಲಿ ಕೊಂಬೆ ಕಂಡವರು ಮುಂದೆ ಗಾಡಿ ನಿಂತಿದೆ ಎಂದು ತಿಳಿದು ನಿಧಾನ ಮಾಡುತ್ತಾರೆ, ಆ ಮಟ್ಟಿಗೆ ಕೊಂಬೆಯಿಂದ ಉಪಯೋಗವಿದೆ. ಕಲ್ಲು ಮಾತ್ರ ಬೇಡವೇ ಬೇಡ. ರಿಪೇರಿ ಮುಗಿದ ಮೇಲೆ ಗಾಡಿ ಹೋಗುತ್ತದೆ, ಕಲ್ಲು ಅಲ್ಲೇ ಉಳಿಯುತ್ತದೆ. ರಾತ್ರಿ ಬೈಕಿನಲ್ಲಿ ಬರುವ ಯಾರದೋ ಮನೆಯ ಹುಡುಗ ಅದಕ್ಕೆ ಬಲಿಯಾಗಬೇಕೇ? ಟೈರಿಗೆ ಒತ್ತು ಕೊಡಲು ನೀವೇ ಕಲ್ಲು ಇಟ್ಟಿದ್ದರೂ, ಹೊರಡುವ ಮುನ್ನ ಎತ್ತಿ ಚರಂಡಿಯ ಆಚೆ ಹಾಕುವುದು ನಿಮ್ಮ ಹೊಣೆ. ಹಜಾರ್ಡ್ ಲೈಟ್ ಬಗ್ಗೆಯೂ ಒಂದು ಮಾತು. ಮಳೆ ಬಂದರೆ, ಮಂಜು ಕವಿದರೆ ಓಡುತ್ತಿರುವ ಕಾರಿನಲ್ಲೇ ಅದನ್ನು ಹಾಕುವ ಅಭ್ಯಾಸ ಎಲ್ಲೆಡೆ ಹಬ್ಬಿದೆ. ಓಡುವ ಗಾಡಿಗೂ ನಿಂತ ಗಾಡಿಗೂ ಒಂದೇ ಗುರುತಾದರೆ ಹಿಂದಿನವರು ಯಾವುದನ್ನು ನಂಬಬೇಕು? ನಿಂತಾಗ ಮಾತ್ರ ಅದು, ಮಳೆಯಲ್ಲಿ ಹೆಡ್‌ಲೈಟ್ ಸಾಕು.

ಜನ ಸುರಕ್ಷಿತವಾಗಿ ನಿಂತ ಮೇಲೆ ಫೋನ್. ರಾಷ್ಟ್ರೀಯ ಹೆದ್ದಾರಿಯಲ್ಲಿದ್ದರೆ 1033, ಹೆದ್ದಾರಿ ಪ್ರಾಧಿಕಾರದ ಸಹಾಯವಾಣಿ. ಟೋಲ್ ಇರುವ ಹೆದ್ದಾರಿಗಳಲ್ಲಿ ಗಸ್ತು ವಾಹನ, ಕ್ರೇನ್, ಆಂಬುಲೆನ್ಸ್ ಇಟ್ಟಿರುತ್ತಾರೆ. ಗಾಯವಾಗಿದ್ದರೆ 108, ಪೊಲೀಸ್ ಅಥವಾ ಅಗ್ನಿಶಾಮಕ ಬೇಕಿದ್ದರೆ, ಒಬ್ಬರೇ ಇದ್ದು ಭಯವಾಗುತ್ತಿದ್ದರೆ 112. ಕರೆ ಎತ್ತಿದವರು ಕೇಳುವ ಮೊದಲ ಪ್ರಶ್ನೆ, ಎಲ್ಲಿದ್ದೀರಿ ಎಂಬುದು. ‘ಮದ್ದೂರು ದಾಟಿ ಒಂದು ಹೋಟೆಲ್ ಹತ್ತಿರ’ ಎಂದರೆ ಗಸ್ತಿನವರಿಗೆ ಏನೂ ತಿಳಿಯುವುದಿಲ್ಲ. ಹತ್ತಿರದ ಕಿಲೋಮೀಟರ್ ಕಲ್ಲಿನ ಮೇಲಿನ ಸಂಖ್ಯೆ ಓದಿ ಹೇಳಿ, ಯಾವ ಊರಿನಿಂದ ಯಾವ ಊರಿನ ಕಡೆ ಹೋಗುತ್ತಿದ್ದಿರಿ ಎಂದೂ ಹೇಳಿ. ನಡುವೆ ಡಿವೈಡರ್ ಇರುವ ರಸ್ತೆಯಲ್ಲಿ ತಪ್ಪು ಬದಿಗೆ ಬಂದ ಕ್ರೇನ್ ತಿರುಗಿ ಬರಲು ಎಷ್ಟೋ ಕಿಲೋಮೀಟರ್ ಸುತ್ತಬೇಕು. ಹಳದಿ ತಲೆಯ ಕಲ್ಲು ರಾಷ್ಟ್ರೀಯ ಹೆದ್ದಾರಿಯದು, ಹಸಿರು ತಲೆಯದು ರಾಜ್ಯ ಹೆದ್ದಾರಿಯದು. ಮನೆಯವರಿಗೆ ವಾಟ್ಸಾಪಿನಲ್ಲಿ ಲೈವ್ ಲೊಕೇಶನ್ ಕಳಿಸಿ.

ಬೆಂಗಳೂರು–ಮೈಸೂರು ರಸ್ತೆಯಲ್ಲಿ ಇನ್ನೊಂದು ತೊಡಕಿದೆ. 2023ರ ಆಗಸ್ಟ್ 1ರಿಂದ ಮುಖ್ಯ ರಸ್ತೆಗೆ ಬೈಕ್, ಆಟೊ, ಟ್ರ್ಯಾಕ್ಟರ್ ಬರುವಂತಿಲ್ಲ. ಮೊದಲಾದರೆ ರಾಮನಗರದಿಂದಲೋ ಮಂಡ್ಯದಿಂದಲೋ ಮೆಕ್ಯಾನಿಕ್ ಬೈಕಿನಲ್ಲಿ ಸ್ಪ್ಯಾನರ್ ಚೀಲ ಹಾಕಿಕೊಂಡು ಬಂದುಬಿಡುತ್ತಿದ್ದರು. ಈಗ ಅವರು ಬರಬಹುದಾದದ್ದು ಸರ್ವಿಸ್ ರಸ್ತೆಗೆ ಮಾತ್ರ, ನಡುವೆ ಬೇಲಿ. ಆದ್ದರಿಂದ ಟೆಂಪರೇಚರ್ ಮುಳ್ಳು ಏರುತ್ತಿದೆ, ಎಂಜಿನ್ ಎಳೆಯುತ್ತಿಲ್ಲ ಎಂದು ಅನುಮಾನ ಬಂದ ಕೂಡಲೇ ಮೊದಲು ಸಿಗುವ ಹೊರದಾರಿಯಲ್ಲಿ ಸರ್ವಿಸ್ ರಸ್ತೆಗೆ ಇಳಿದುಬಿಡಿ. ಅಲ್ಲಿ ನೆರಳಿದೆ, ಟೀ ಅಂಗಡಿ ಇದೆ, ಪಂಚರ್ ಅಂಗಡಿ ಇದೆ.

ಘಾಟಿಯಲ್ಲಿ ಲೆಕ್ಕವೇ ಬೇರೆ. ಶಿರಾಡಿ, ಚಾರ್ಮಾಡಿ, ಆಗುಂಬೆ, ಸಂಪಾಜೆ ಯಾವುದೇ ಇರಲಿ, ಕೆಲವು ತಿರುವುಗಳಲ್ಲಿ ಫೋನ್ ಸಿಗ್ನಲ್ ಸಿಗುವುದಿಲ್ಲ. ಮೇಲಿನಿಂದಲೂ ಕೆಳಗಿನಿಂದಲೂ ಗಾಡಿ ಬರುತ್ತವೆ, ಹೀಗಾಗಿ ಸೂಚನೆ ಎರಡೂ ಕಡೆ ಬೇಕು. ಒಂದು ಕಡೆ ತ್ರಿಕೋನ ಇಟ್ಟರೆ ಇನ್ನೊಂದು ಕಡೆ ಟಾರ್ಚ್ ಹಿಡಿದ ಒಬ್ಬರು ರಸ್ತೆಯ ಹೊರಗೆ ನಿಲ್ಲಲಿ. ಮಳೆಗಾಲದಲ್ಲಿ ಧರೆಯ ಬುಡದಲ್ಲಿ ಕಾರನ್ನೂ ನಿಲ್ಲಿಸಬೇಡಿ, ನೀವೂ ನಿಲ್ಲಬೇಡಿ. ಧರೆಯಿಂದ ಸಣ್ಣ ಕಲ್ಲು, ಕೆಸರು ನೀರು ಜಾರುತ್ತಿದ್ದರೆ ಕಾರು ಬಿಟ್ಟು ನಡೆದು ದೂರ ಹೋಗಿ. ಸಿಗ್ನಲ್ ಇಲ್ಲದಿದ್ದರೆ ಕೆಎಸ್‌ಆರ್‌ಟಿಸಿ ಬಸ್ಸಿಗೆ ಕೈ ತೋರಿಸಿ, ಮುಂದಿನ ಊರಿನಲ್ಲಿ ವಿಷಯ ತಿಳಿಸಲು ಚಾಲಕರನ್ನು ಕೇಳಿಕೊಳ್ಳಿ. ಆ ದಾರಿಯಲ್ಲಿ ಓಡಾಡಿದ ಅವರಿಗೆ ಯಾವ ತಿರುವು ಎಂದು ಹೇಳಲು ಗೊತ್ತಿರುತ್ತದೆ.

ಘಾಟಿ ಇಳಿಯುವಾಗ ಬ್ರೇಕ್ ಕಾದು ಹಿಡಿತ ಬಿಡುವುದು ಬಯಲುಸೀಮೆಯ ಚಾಲಕರಿಗೆ ಅಷ್ಟಾಗಿ ಪರಿಚಯವಿಲ್ಲದ ಅಪಾಯ. ಉದ್ದಕ್ಕೂ ಬ್ರೇಕ್ ಒತ್ತಿಕೊಂಡೇ ಇಳಿದರೆ ಸುಟ್ಟ ವಾಸನೆ ಬರುತ್ತದೆ, ಆಮೇಲೆ ಪೆಡಲ್ ಒತ್ತಿದರೂ ಗಾಡಿ ನಿಧಾನವಾಗುವುದಿಲ್ಲ. ಏರುವಾಗ ಹಾಕುವ ಎರಡನೇ ಗೇರಿನಲ್ಲೇ ಇಳಿಯಬೇಕು, ಗಾಡಿಯನ್ನು ಎಂಜಿನ್ನೇ ಹಿಡಿದುಕೊಳ್ಳುತ್ತದೆ. ಆಟೊಮ್ಯಾಟಿಕ್ ಕಾರಿನಲ್ಲೂ ಕೆಳಗಿನ ಗೇರಿಗೆ ಇಳಿಸುವ ವ್ಯವಸ್ಥೆ ಇರುತ್ತದೆ, ಹೊರಡುವ ಮೊದಲೇ ಕಲಿತುಕೊಳ್ಳಿ. ಪೆಟ್ರೋಲ್ ಉಳಿಸಲು ನ್ಯೂಟ್ರಲ್ ಮಾಡಿ ಎಂಜಿನ್ ಆಫ್ ಮಾಡುವುದು ಜೀವಕ್ಕೇ ಸಂಚಕಾರ. ವಾಸನೆ ಬಂದ ಕೂಡಲೇ ಅಗಲ ಜಾಗದಲ್ಲಿ ನಿಲ್ಲಿಸಿ, ಗೇರಿನಲ್ಲಿಟ್ಟು, ಚಕ್ರಕ್ಕೆ ಒತ್ತು ಕೊಟ್ಟು, ಅರ್ಧ ಗಂಟೆ ಆರಲು ಬಿಡಿ. ಕಾದ ಚಕ್ರಕ್ಕೆ ನೀರು ಸುರಿಯಬಾರದು. ಬ್ರೇಕ್ ಪೂರ್ತಿ ಕೈಕೊಟ್ಟರೆ ಪೆಡಲನ್ನು ಪಟಪಟನೆ ಮತ್ತೆ ಮತ್ತೆ ಒತ್ತಿ, ಒಂದೊಂದೇ ಗೇರ್ ಇಳಿಸಿ, ಹ್ಯಾಂಡ್ ಬ್ರೇಕನ್ನು ಗುಂಡಿ ಒತ್ತಿ ಹಿಡಿದುಕೊಂಡೇ ಸ್ವಲ್ಪ ಸ್ವಲ್ಪವಾಗಿ ಎಳೆಯಿರಿ. ಒಮ್ಮೆಗೇ ಎಳೆದರೆ ಹಿಂದಿನ ಚಕ್ರ ಜಾರುತ್ತದೆ. ಬೇರೇನೂ ಉಳಿಯದಿದ್ದರೆ ಕಣಿವೆಯ ಕಡೆ ಬಿಟ್ಟು ಧರೆಯ ಕಡೆಗೆ ಕಾರನ್ನು ಒರೆಸಿ ನಿಲ್ಲಿಸುವುದೊಂದೇ ದಾರಿ.

ಕಾಡಿನ ರಸ್ತೆಯಲ್ಲಿ ಮಾತ್ರ ಇಳಿಯಿರಿ ಎಂಬ ಸಲಹೆ ತಿರುಗುಮುರುಗು. ಬಂಡೀಪುರದ ಮೂಲಕ ಹೋಗುವ ರಾಷ್ಟ್ರೀಯ ಹೆದ್ದಾರಿ 766ರಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧವಿದೆ. ಸಂಜೆಯ ಹೊತ್ತಿನಲ್ಲಿ ಅಲ್ಲಿ ಗಾಡಿ ಕೆಟ್ಟರೆ ಗಾಜು ಏರಿಸಿ ಒಳಗೇ ಇರಿ. ಆನೆ ಕಂಡರೆ ಹಾರ್ನ್ ಮಾಡಬೇಡಿ, ಫೋಟೊಕ್ಕೆಂದು ಫ್ಲ್ಯಾಶ್ ಹಾಕಬೇಡಿ. ಹಾದುಹೋಗುವ ಗಾಡಿಯವರಿಗೆ ಅರಣ್ಯ ಇಲಾಖೆಯ ಚೆಕ್‌ಪೋಸ್ಟಿನಲ್ಲಿ ತಿಳಿಸಲು ಹೇಳಿದರೆ ಸಿಬ್ಬಂದಿ ಬರುತ್ತಾರೆ.

ಈಗ ಕಾರಿನ ಕಡೆ ಬರೋಣ. ಟೈರ್ ಸಿಡಿದಾಗ ಕಾಲು ತಾನಾಗಿಯೇ ಬ್ರೇಕಿಗೆ ಹೋಗುತ್ತದೆ, ತಡೆಯಬೇಕು. ಸ್ಟೀರಿಂಗನ್ನು ಎರಡೂ ಕೈಯಲ್ಲಿ ಬಿಗಿಯಾಗಿ ನೇರ ಹಿಡಿದು, ಆಕ್ಸಿಲರೇಟರ್ ನಿಧಾನವಾಗಿ ಬಿಟ್ಟು, ಕಾರು ತಾನೇ ನಿಧಾನವಾದ ಮೇಲೆ ಎಡಕ್ಕೆ ತನ್ನಿ. ಸ್ಟೆಪ್ನಿ ಹಾಕುವುದಾದರೆ ನೆಲ ಗಟ್ಟಿಯಾಗಿ ಸಮವಾಗಿರಬೇಕು. ಕೆಟ್ಟಿರುವುದು ರಸ್ತೆಯ ಕಡೆಯ, ಅಂದರೆ ಬಲಬದಿಯ ಚಕ್ರವಾಗಿದ್ದು, ಪಕ್ಕದಲ್ಲೇ ಗಾಡಿಗಳು ಓಡುತ್ತಿದ್ದರೆ ಅಲ್ಲಿ ಕೂತು ನಟ್ಟು ಬಿಚ್ಚಬೇಡಿ, ಗಸ್ತು ವಾಹನ ಬಂದು ರಕ್ಷಣೆಗೆ ನಿಲ್ಲುವವರೆಗೆ ಕಾಯಿರಿ. ನಟ್ಟುಗಳನ್ನು ಕಾರು ನೆಲದ ಮೇಲಿರುವಾಗಲೇ ಸಡಿಲ ಮಾಡಿ, ಆಮೇಲೆ ಜಾಕು ಏರಿಸಿ. ಕಾರು ಜಾಕಿನ ಮೇಲಿದ್ದಾಗ ದೇಹದ ಯಾವ ಭಾಗವೂ ಅದರ ಕೆಳಗೆ ಹೋಗಬಾರದು. ಹಾಕುವಾಗ ನಟ್ಟುಗಳನ್ನು ಎದುರುಬದುರಾಗಿ ಬಿಗಿಯಬೇಕು. ಸ್ಟೆಪ್ನಿ ಉಳಿದ ಚಕ್ರಗಳಿಗಿಂತ ಸಣ್ಣದಿದ್ದರೆ ಅದರ ಮೇಲೇ ಬರೆದಿರುವ ವೇಗಮಿತಿ ಮೀರಬಾರದು, ಸಾಮಾನ್ಯವಾಗಿ ಗಂಟೆಗೆ 80 ಕಿಲೋಮೀಟರ್. ಟ್ಯೂಬ್‌ಲೆಸ್ ಟೈರಿಗೆ ಮೊಳೆ ಹೊಕ್ಕಿದ್ದರೆ ಕೀಳಬೇಡಿ, ಮೊಳೆಯೇ ಗಾಳಿಯನ್ನು ತಡೆದಿರುತ್ತದೆ, ಹಾಗೆಯೇ ನಿಧಾನವಾಗಿ ಪಂಚರ್ ಅಂಗಡಿ ತಲುಪಿ. ಸ್ಟೆಪ್ನಿಗೆ ಗಾಳಿ ಹಾಕಿಸುವುದನ್ನು ಹೆಚ್ಚಿನವರು ಮರೆತೇಬಿಡುತ್ತಾರೆ, ಪ್ರತಿ ದೂರ ಪ್ರಯಾಣಕ್ಕೆ ಮುಂಚೆ ಐದೂ ಚಕ್ರ ನೋಡಿಸಿ. ಟೈರಿನ ಬದಿಯಲ್ಲಿ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಮೇಲ್ಮೈ ಸವೆಯದಿದ್ದರೂ ಆರು ವರ್ಷ ದಾಟಿದ ರಬ್ಬರನ್ನು ಬೇಸಿಗೆಯ ಹೆದ್ದಾರಿಯಲ್ಲಿ ನಂಬಬಾರದು ಎಂಬುದು ನನ್ನ ಅಭಿಪ್ರಾಯ.

ಎಂಜಿನ್ ಕಾದರೆ ಮೊದಲು ಎಸಿ ಆಫ್ ಮಾಡಿ, ಹೀಟರ್ ಪೂರ್ತಿ ಹಾಕಿ. ಸೆಕೆಯಾದರೂ ಎಂಜಿನ್ನಿನ ಶಾಖ ಅಷ್ಟರಮಟ್ಟಿಗೆ ಹೊರಬರುತ್ತದೆ, ಸುರಕ್ಷಿತ ಜಾಗ ತಲುಪಲು ಒಂದಷ್ಟು ಸಮಯ ಸಿಗುತ್ತದೆ. ನಿಂತ ಮೇಲೆ ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ. ಒಳಗಿನ ನೀರು ಒತ್ತಡದಲ್ಲಿರುವುದರಿಂದ ನೂರು ಡಿಗ್ರಿ ದಾಟಿಯೂ ಕುದಿಯದೆ ಕೂತಿರುತ್ತದೆ. ಮುಚ್ಚಳ ಸಡಿಲವಾದ ಕ್ಷಣ ಒತ್ತಡ ಇಳಿದು ಒಮ್ಮೆಗೇ ಹಬೆಯಾಗಿ ಮುಖಕ್ಕೆ ಚಿಮ್ಮುತ್ತದೆ. ಮುಕ್ಕಾಲು ಗಂಟೆ ಕಾದು, ದಪ್ಪ ಬಟ್ಟೆ ಹಿಡಿದು ನಿಧಾನವಾಗಿ ತೆರೆದು ನೀರು ಹಾಕಿ. ಮತ್ತೆ ಕಾದರೆ ಓಡಿಸದೆ ಟೋ ಮಾಡಿಸಿ.

ಬ್ಯಾಟರಿ ಸತ್ತಿದ್ದರೆ ಇನ್ನೊಂದು ಕಾರಿನಿಂದ ಕರೆಂಟ್ ಪಡೆಯಬಹುದು. ಕೆಂಪು ವೈರು ಸತ್ತ ಬ್ಯಾಟರಿಯ ಪ್ಲಸ್ಸಿಗೆ, ಅದರ ಇನ್ನೊಂದು ತುದಿ ಒಳ್ಳೆಯ ಬ್ಯಾಟರಿಯ ಪ್ಲಸ್ಸಿಗೆ. ಕಪ್ಪು ವೈರು ಒಳ್ಳೆಯ ಬ್ಯಾಟರಿಯ ಮೈನಸ್ಸಿಗೆ, ಕೊನೆಯ ತುದಿ ಕೆಟ್ಟ ಕಾರಿನ ಎಂಜಿನ್ನಿನ ಬರಿಯ ಲೋಹಕ್ಕೆ, ಬ್ಯಾಟರಿಯಿಂದ ದೂರ. ಕಿಡಿ ಹಾರಿದರೂ ಬ್ಯಾಟರಿಯ ಬಳಿ ಹಾರಬಾರದು ಎಂಬುದಕ್ಕೇ ಈ ಕ್ರಮ. ನೂಕಿ ಸ್ಟಾರ್ಟ್ ಮಾಡುವುದು ಆಟೊಮ್ಯಾಟಿಕ್ ಗಾಡಿಗೆ ನಡೆಯದು. ಮ್ಯಾನುಯಲ್ ಆದರೂ ಹೆದ್ದಾರಿಯಲ್ಲಿ ಯಾರೂ ಕಾರಿನ ಹಿಂದೆ ನಿಂತು ನೂಕಬಾರದು.

ನೀರಿನ ವಿಷಯದಲ್ಲಿ ಧೈರ್ಯ ಬೇಡ. 2023ರ ಮೇ 21ರಂದು ಬೆಂಗಳೂರಿನ ಕೆ.ಆರ್. ವೃತ್ತದ ಅಂಡರ್‌ಪಾಸಿನಲ್ಲಿ ಮಳೆನೀರು ತುಂಬಿ, ಸಿಕ್ಕಿಕೊಂಡ ಕಾರಿನಲ್ಲಿದ್ದ ಯುವತಿಯೊಬ್ಬರು ಸತ್ತರು. ಅದು ವಿಧಾನಸೌಧಕ್ಕೆ ಕೂಗಳತೆಯ ದೂರ. ನೆಲ ಕಾಣದ ನೀರಿಗೆ ಕಾರು ಇಳಿಸಬೇಡಿ, ಮುಂದಿನ ಗಾಡಿ ದಾಟಿತೆಂದು ನೀವೂ ಹೊರಡಬೇಡಿ. ನೀರಿನ ನಡುವೆ ಎಂಜಿನ್ ನಿಂತರೆ ಮತ್ತೆ ಸ್ಟಾರ್ಟ್ ಮಾಡಬಾರದು, ಸಿಲಿಂಡರಿಗೆ ನುಗ್ಗಿದ ನೀರು ಒತ್ತಿಗೆ ಕುಗ್ಗದೆ ಒಳಗಿನ ರಾಡುಗಳನ್ನೇ ಬಗ್ಗಿಸುತ್ತದೆ. ಅದಕ್ಕಿಂತ ಮುಖ್ಯ, ಕಾರಿನ ಆಸೆ ಬಿಟ್ಟು ಆಗಲೇ ಇಳಿಯುವುದು. ನೀರು ಏರಿದಂತೆ ಹೊರಗಿನ ಒತ್ತಡಕ್ಕೆ ಬಾಗಿಲು ತೆರೆಯುವುದಿಲ್ಲ, ಸ್ವಲ್ಪ ಹೊತ್ತಿಗೆ ಪವರ್ ವಿಂಡೋ ಕೂಡ ಕೆಲಸ ನಿಲ್ಲಿಸಬಹುದು. ಬೆಲ್ಟ್ ಬಿಚ್ಚಿ, ಗಾಜು ಇಳಿಸಿ, ಮಕ್ಕಳನ್ನು ಮೊದಲು ಹೊರಗೆ ದಾಟಿಸಿ. ಗಾಜು ಒಡೆಯಬೇಕಾದರೆ ಪಕ್ಕದ ಗಾಜಿನ ಮೂಲೆಗೆ ಹೊಡೆಯಿರಿ, ಮುಂದಿನ ಗಾಜು ಪದರದ್ದು, ಬಿರುಕು ಬಿಟ್ಟರೂ ಬಿಟ್ಟುಕೊಡುವುದಿಲ್ಲ. ಗಾಜು ಒಡೆಯುವ ಸಣ್ಣ ಸುತ್ತಿಗೆ ಡಿಕ್ಕಿಯಲ್ಲಿದ್ದರೆ ಉಪಯೋಗವಿಲ್ಲ, ಕೂತಲ್ಲೇ ಕೈಗೆ ಸಿಗಬೇಕು.

ಬಾನೆಟ್ಟಿನಿಂದ ಹೊಗೆ, ವೈರ್ ಸುಟ್ಟ ವಾಸನೆ ಬಂದರೆ ಎಂಜಿನ್ ಆಫ್ ಮಾಡಿ ಎಲ್ಲರೂ ಮೂವತ್ತು ಮೀಟರಾದರೂ ದೂರ ಹೋಗಬೇಕು. ಬಾನೆಟ್ ತೆರೆದರೆ ಒಳಗಿನ ಬೆಂಕಿಗೆ ಗಾಳಿ ಸಿಕ್ಕಿ ಭಗ್ಗನೆ ಏಳುತ್ತದೆ. ಲ್ಯಾಪ್‌ಟಾಪ್, ಒಡವೆಯ ಚೀಲ ಯಾವುದಕ್ಕೂ ಮರಳಬೇಡಿ.

ಟೋ ಮಾಡಿಸುವ ಮೊದಲು ಇನ್ಶೂರೆನ್ಸ್ ಪಾಲಿಸಿ ನೋಡಿ. ರಸ್ತೆಬದಿ ನೆರವು ಸೇರಿದ್ದರೆ ಅದರ ಫೋನ್ ನಂಬರು ಅಲ್ಲಿರುತ್ತದೆ, ಹೊರಡುವ ಮುನ್ನವೇ ಕಾಗದದಲ್ಲಿ ಬರೆದು ಡ್ಯಾಶ್‌ಬೋರ್ಡಿನಲ್ಲಿಡಿ. ಖಾಸಗಿ ಟೋ ಗಾಡಿಯಾದರೆ ಎಲ್ಲಿಗೆ, ಎಷ್ಟು ಹಣ ಎಂದು ಕಾರು ಎತ್ತುವ ಮೊದಲೇ ಮಾತಾಡಿಕೊಳ್ಳಿ, ಗಾಡಿಯ ನಂಬರ್ ಪ್ಲೇಟಿನ ಫೋಟೊ ಮನೆಗೆ ಕಳಿಸಿ. ಆಟೊಮ್ಯಾಟಿಕ್ ಮತ್ತು ವಿದ್ಯುತ್ ಕಾರುಗಳನ್ನು ಹಗ್ಗ ಕಟ್ಟಿ ಚಕ್ರದ ಮೇಲೆ ಎಳೆದರೆ ಗೇರ್‌ಬಾಕ್ಸ್, ಮೋಟಾರ್ ಹಾಳಾಗುತ್ತವೆ. ಇಡೀ ಕಾರನ್ನು ಮೇಲೇರಿಸುವ ಫ್ಲ್ಯಾಟ್‌ಬೆಡ್ ಗಾಡಿಯೇ ಬೇಕೆಂದು ಕೇಳಿ.

ದಾರಿಯಲ್ಲಿ ಬೇರೆಯವರ ಅಪಘಾತ ಕಂಡರೆ ನಿಮ್ಮ ಕಾರನ್ನು ಅಪಘಾತವಾದ ಜಾಗ ದಾಟಿ ಮುಂದೆ, ರಸ್ತೆಯಿಂದ ಪೂರ್ತಿ ಹೊರಗೆ ನಿಲ್ಲಿಸಿ. ಬೆಂಕಿಯ ಭಯ ಇಲ್ಲದಿದ್ದರೆ ಗಾಯಾಳುವನ್ನು ಎಳೆದಾಡಬೇಡಿ, ಕುತ್ತಿಗೆ ಅಲುಗಿದರೆ ಜೀವಮಾನದ ಊನವಾದೀತು. ರಕ್ತ ಸುರಿಯುತ್ತಿದ್ದರೆ ಶುಭ್ರವಾದ ಬಟ್ಟೆಯಿಂದ ಒತ್ತಿ ಹಿಡಿದು 108ಕ್ಕೆ ಕರೆ ಮಾಡಿ. ಬಾಯಿಗೆ ನೀರು ಹಾಕಬೇಡಿ. ಪೊಲೀಸ್, ಕೋರ್ಟು ಎಂದು ಹೆದರಿ ಮುಂದೆ ಹೋಗುವವರು ಇನ್ನೂ ಇದ್ದಾರೆ. 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯ್ದೆಗೆ ಸೇರಿದ 134ಎ ಕಲಮಿನ ಪ್ರಕಾರ, ಒಳ್ಳೆಯ ಮನಸ್ಸಿನಿಂದ ನೆರವಾದವರ ಮೇಲೆ ಸಿವಿಲ್ ಅಥವಾ ಕ್ರಿಮಿನಲ್ ಕ್ರಮ ಕೈಗೊಳ್ಳುವಂತಿಲ್ಲ. ನೆರವಾದವರು ಇಷ್ಟವಿಲ್ಲದಿದ್ದರೆ ತಮ್ಮ ಹೆಸರು, ವಿಳಾಸ ಕೊಡಬೇಕಿಲ್ಲ, ಅವರನ್ನು ಆಸ್ಪತ್ರೆಯಲ್ಲಿ ಹಿಡಿದಿಟ್ಟುಕೊಳ್ಳುವಂತೆಯೂ ಇಲ್ಲ. ಗಾಯಾಳುವಿನ ಖರ್ಚಿಗೂ ದಾರಿಯಿದೆ. 2025ರ ಮೇ ತಿಂಗಳಲ್ಲಿ ಜಾರಿಯಾದ ಕೇಂದ್ರದ ಯೋಜನೆಯಲ್ಲಿ ರಸ್ತೆ ಅಪಘಾತದ ಗಾಯಾಳುಗಳಿಗೆ ಮೊದಲ ಏಳು ದಿನ ಒಂದೂವರೆ ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆ ಸಿಗಬೇಕು. ಕರೆದೊಯ್ದವರೇ ಈ ಯೋಜನೆಯ ಹೆಸರೆತ್ತಿ ಆಸ್ಪತ್ರೆಯ ಕೌಂಟರಿನಲ್ಲಿ ಕೇಳಬೇಕು, ಗಾಯಾಳುವಿನ ಮನೆಯವರು ಬಂದು ಸೇರುವಷ್ಟರಲ್ಲಿ ಹೊತ್ತಾಗಿರುತ್ತದೆ.